ಓಲಂಡ್ ದ್ವೀಪಗಳ ಬದುಕು: ಬೆಳಗಿನ ಜಾವ ನಾಲ್ಕಕ್ಕೆ ಬರುವ ಹಡಗು

ತುಮರಿಯವಳು:

"ಬಾಲ್ಟಿಕ್ ಸಮುದ್ರದ ದ್ವೀಪ ಅಂದರೆ ಬೇಸಿಗೆಗೆ ಪ್ರವಾಸಿಗರು ಬಂದು ಹೋಗುವ ಜಾಗ ಅಲ್ವಾ? ಉಳಿದ ದಿನ ಅಲ್ಲಿನವರು ಏನು ಮಾಡುತ್ತಾರೆ?" ಎಂದು ಮೊನ್ನೆ ಒಬ್ಬರು ಕೇಳಿದ್ದರು. ಒಂದೇ ಸಾಲಿನಲ್ಲಿ ಉತ್ತರ ಹೇಳಲು ಮನಸ್ಸಾಗಲಿಲ್ಲ. ಅದಕ್ಕೇ ಹೊಸ ಚರ್ಚೆ ಶುರು ಮಾಡಿದ್ದೇನೆ. ಯಜಮಾನರ ಕೆಲಸದಿಂದಾಗಿ ನಾವು ಆರು ವರ್ಷದಿಂದ ಓಲಂಡ್‌ನಲ್ಲಿ ಇದ್ದೇವೆ. ಮರಿಯೆಹಾಮ್ನ್ ಪಟ್ಟಣದಲ್ಲಿ ಮನೆ.

ನಕ್ಷೆಯಲ್ಲಿ ಸ್ವೀಡನ್ ಮತ್ತು ಫಿನ್ಲೆಂಡ್ ನಡುವೆ ಚುಕ್ಕಿ ಚೆಲ್ಲಿದ ಹಾಗೆ ಕಾಣುತ್ತದಲ್ಲ, ಅದೇ ಓಲಂಡ್. ದೇಶ ಫಿನ್ಲೆಂಡ್, ಮಾತು ಸ್ವೀಡಿಷ್. ಲೆಕ್ಕಕ್ಕೆ ಸಿಗುವ ದ್ವೀಪಗಳೇ ಸುಮಾರು 6,700. ಜನ ಇರುವುದು ಮಾತ್ರ 60 ಚಿಲ್ಲರೆ ದ್ವೀಪಗಳಲ್ಲಿ. ಒಟ್ಟು ಜನ 30,000ಕ್ಕೆ ಸ್ವಲ್ಪ ಜಾಸ್ತಿ. ಹತ್ತರಲ್ಲಿ ಒಂಬತ್ತು ಮಂದಿ ದೊಡ್ಡ ದ್ವೀಪದಲ್ಲೇ ಇದ್ದಾರೆ. ಪಟ್ಟಣ ಅಂತ ಇರುವುದು ಒಂದೇ, ಅದು ನಮ್ಮ ಮರಿಯೆಹಾಮ್ನ್. ರಷ್ಯಾದ ಚಕ್ರವರ್ತಿಯ ಕಾಲದಲ್ಲಿ, 1861ರಲ್ಲಿ, ಅವನ ಹೆಂಡತಿ ಮರಿಯಾಳ ಹೆಸರಿಟ್ಟು ಕಟ್ಟಿದ ಊರು.

ನನ್ನ ತವರು ಸಾಗರ ತಾಲ್ಲೂಕಿನ ತುಮರಿ ಕಡೆ. ಶರಾವತಿ ಹಿನ್ನೀರು ನೋಡಿದವರಿಗೆ ಗೊತ್ತು. ಹೊಳೆಬಾಗಿಲಲ್ಲಿ ಸಂಜೆಯ ಕೊನೆ ಲಾಂಚ್ ತಪ್ಪಿದರೆ ಆಚೆ ದಡದ ಮನೆ ಕಣ್ಣೆದುರೇ ಇದ್ದರೂ ದೂರ. ಹೆರಿಗೆ ನೋವು, ಹಾವು ಕಡಿತ, ಪರೀಕ್ಷೆ, ಮದುವೆ ದಿಬ್ಬಣ, ಎಲ್ಲಕ್ಕೂ ಮೊದಲು ಲಾಂಚಿನ ಟೈಮು ಕೇಳಬೇಕಿತ್ತು. ಸೇತುವೆ ಬಂದದ್ದು 2025ರ ಜುಲೈನಲ್ಲಿ. ಹಾಗಾಗಿ ಇಲ್ಲಿಗೆ ಬಂದ ಮೊದಲ ವಾರವೇ, ಅಡುಗೆಮನೆ ಗೋಡೆಗೆ ಹಡಗಿನ ವೇಳಾಪಟ್ಟಿ ಅಂಟಿಸಿಕೊಂಡಿದ್ದ ಪಕ್ಕದ ಮನೆ ಅಜ್ಜಿಯನ್ನು ಕಂಡು, ನಮ್ಮವರೇ ಸಿಕ್ಕಂತಾಯಿತು.

ದಿನಾ ಬೆಳಗಿನ ಜಾವ ನಾಲ್ಕು ಗಂಟೆ ಹೊತ್ತಿಗೆ, ಹೆಲ್ಸಿಂಕಿಯಿಂದ ಸ್ಟಾಕ್‌ಹೋಮ್‌ಗೆ ಹೋಗುವ ದೊಡ್ಡ ಹಡಗು ನಮ್ಮ ಬಂದರಿಗೆ ಬರುತ್ತದೆ. ಹತ್ತು ಹನ್ನೆರಡು ಮಹಡಿಯ ಹಡಗು, ಒಳಗೆ ಒಂದು ದೊಡ್ಡ ಹಳ್ಳಿಯಷ್ಟು ಜನ. ಅವರಲ್ಲಿ ಹೆಚ್ಚಿನವರು ಮಲಗಿರುತ್ತಾರೆ. ಇಳಿಯುವವರು ಬೆರಳೆಣಿಕೆ ಮಂದಿ. ಸ್ವಲ್ಪ ಹೊತ್ತು ನಿಂತು ಹೊರಟುಹೋಗುತ್ತದೆ. ನಿದ್ದೆ ಬಾರದ ರಾತ್ರಿ ಕಿಟಕಿಯಿಂದ ನೋಡಿದರೆ, ದೀಪ ಹಚ್ಚಿದ ಬೀದಿಯೊಂದು ಎದ್ದು ನೀರಿನ ಮೇಲೆ ನಡೆದು ಹೋದಂತೆ ಕಾಣುತ್ತದೆ. ಯಾಕೆ ಈ ಹೊತ್ತಲ್ಲಿ ಬಂದು ನಿಲ್ಲುತ್ತದೆ ಎಂದು ಕೇಳಿದಾಗಲೇ ನನಗೆ ಈ ದ್ವೀಪದ ಹಣಕಾಸು ಅರ್ಥವಾಗಿದ್ದು. ಅದನ್ನು ಮುಂದೆ ಬರೆಯುತ್ತೇನೆ.

ಭೂಗೋಳ ಮೇಷ್ಟ್ರು:

ಬಹಳ ಒಳ್ಳೆಯ ವಿಷಯ ಎತ್ತಿಕೊಂಡಿದ್ದೀರಿ ಮೇಡಂ. ಮಕ್ಕಳಿಗೆ ಹೇಳಲು ನನಗೆ ಎರಡು ವಿಷಯ ಬೇಕು. ಒಂದು, ಆ ಸಮುದ್ರದ ನೀರು ನಿಜಕ್ಕೂ ಸಪ್ಪೆಯೇ? ಎರಡು, ನೆಲ ಮೇಲೆ ಏಳುತ್ತಿದೆ ಎಂದು ಓದಿದ್ದೇನೆ. ಕಣ್ಣಿಗೆ ಕಾಣುವಷ್ಟು ಏಳುತ್ತದೆಯೇ?

ತುಮರಿಯವಳು:

ಹೌದು ಸರ್, ಸಪ್ಪೆಯೇ. ಸಾಗರದ ಒಂದು ಲೀಟರ್ ನೀರಿನಲ್ಲಿ 35 ಗ್ರಾಂ ಉಪ್ಪಿದ್ದರೆ ಇಲ್ಲಿ ಸುಮಾರು 6 ಗ್ರಾಂ. ಮಗಳು ಈಜಿ ಬಂದ ಮೇಲೆ ಮೈ ಅಂಟುವುದಿಲ್ಲ. ಸುತ್ತಲಿನ ನದಿಗಳೆಲ್ಲ ಬಂದು ಸೇರುತ್ತವೆ, ಸಾಗರಕ್ಕೆ ಬಾಗಿಲು ಡೆನ್ಮಾರ್ಕ್ ಹತ್ತಿರದ ಕಿರಿದಾದ ಸಂದಿಗಳು ಅಷ್ಟೇ. ಅದಕ್ಕೆ ಒಂದೇ ನೀರಿನಲ್ಲಿ ಸಮುದ್ರದ ಹೆರಿಂಗ್ ಮೀನೂ ಇದೆ, ಕೆರೆ ಮೀನುಗಳಾದ ಪೈಕ್, ಪರ್ಚ್ ಕೂಡ ಇವೆ. ಫಿನ್ನಿಷ್ ಭಾಷೆಯಲ್ಲಿ ಈ ದ್ವೀಪಕ್ಕೆ ಅಹ್ವೆನನ್‌ಮಾ ಎನ್ನುತ್ತಾರೆ. ಅಹ್ವೆನ್ ಅಂದರೆ ಪರ್ಚ್ ಮೀನು, ಮಾ ಅಂದರೆ ನಾಡು.

ನೀರು ಹೀಗೆ ಒಳಗೇ ಉಳಿಯುವುದರಿಂದ ಕೊಳೆಯೂ ಉಳಿಯುತ್ತದೆ. ಸುತ್ತಲಿನ ದೇಶಗಳ ಹೊಲದ ಗೊಬ್ಬರ ಹರಿದು ಬರುತ್ತದೆ. ಸೆಖೆಯ ಬೇಸಿಗೆಯಲ್ಲಿ ನೀಲಿ ಹಸಿರು ಪಾಚಿ ಕಟ್ಟುತ್ತದೆ. ಆ ದಿನಗಳಲ್ಲಿ ಮಕ್ಕಳನ್ನೂ ನಾಯಿಗಳನ್ನೂ ನೀರಿಗೆ ಬಿಡುವುದಿಲ್ಲ. ಮೀನು ಸಾಕಣೆ ಇಲ್ಲಿಯ ದೊಡ್ಡ ಉದ್ಯೋಗಗಳಲ್ಲಿ ಒಂದು. ಅದರಿಂದಲೂ ನೀರು ಕೆಡುತ್ತದೆ ಎಂಬ ಜಗಳ ಊರಲ್ಲೇ ಇದೆ.

ನೆಲ ಏಳುವುದು ಖಂಡಿತ ಕಾಣುತ್ತದೆ. ಹಿಮಯುಗದಲ್ಲಿ ಕಿಲೋಮೀಟರ್‌ಗಟ್ಟಲೆ ದಪ್ಪದ ಮಂಜುಗಡ್ಡೆ ಈ ನೆಲವನ್ನು ಅದುಮಿ ಕೂತಿತ್ತು. ಅದು ಕರಗಿದ ಮೇಲೆ ನೆಲ ಇನ್ನೂ ಮೇಲೆ ಬರುತ್ತಲೇ ಇದೆ, ವರ್ಷಕ್ಕೆ ಸುಮಾರು ಅರ್ಧ ಸೆಂಟಿಮೀಟರ್. ನೂರು ವರ್ಷಕ್ಕೆ ಅರ್ಧ ಮೀಟರ್ ಆಯಿತಲ್ಲ. ಕಾಸ್ಟೆಲ್‌ಹೋಲ್ಮ್ ಎಂಬ ಕೋಟೆ ಇದೆ, 1388ರ ಕಾಗದದಲ್ಲೇ ಅದರ ಹೆಸರು ಬರುತ್ತದೆ. ಆಗ ಸುತ್ತ ನೀರಿತ್ತು. ಈಗ ಹುಲ್ಲುಗಾವಲಿನಲ್ಲಿ ನಡೆದುಕೊಂಡೇ ಹೋಗಬಹುದು. ಪಕ್ಕದ ಮನೆ ಅಜ್ಜಿಯ ತವರಲ್ಲಿ ಹಳೇ ದೋಣಿಮನೆ ಇದೆ. ಅವರ ಅಜ್ಜನ ಕಾಲದಲ್ಲಿ ದೋಣಿ ನೇರ ಒಳಗೆ ನುಗ್ಗುತ್ತಿತ್ತಂತೆ. ಈಗ ಬಾಗಿಲ ಮುಂದೆ ಜೊಂಡು, ಅದರಾಚೆ ನೀರು.

ಹಡಗಿನವ:

ಮಂಗಳೂರಿನವನು, 18 ವರ್ಷದಿಂದ ಮರ್ಚೆಂಟ್ ನೇವಿಯಲ್ಲಿ. ಓಲಂಡ್ ಹೆಸರು ಕೇಳಿದರೆ ನಮ್ಮಂಥವರಿಗೆ ನೆನಪಾಗುವುದು ಗುಸ್ತಾಫ್ ಎರಿಕ್ಸನ್. ಜಗತ್ತೆಲ್ಲ ಉಗಿ ಮತ್ತು ಡೀಸೆಲ್ ಹಡಗಿಗೆ ಬದಲಾದ ಮೇಲೂ ದೊಡ್ಡ ಹಾಯಿ ಹಡಗುಗಳನ್ನು ಅಗ್ಗಕ್ಕೆ ಕೊಂಡು ಓಡಿಸಿದ ಮನುಷ್ಯ. ಆಸ್ಟ್ರೇಲಿಯಾದಿಂದ ಗೋಧಿ ತುಂಬಿಕೊಂಡು, ದಕ್ಷಿಣ ಅಮೆರಿಕದ ತುದಿಯ ಹಾರ್ನ್ ಭೂಶಿರ ಸುತ್ತಿ ಯುರೋಪಿಗೆ ಬರುತ್ತಿದ್ದವು. ಹಾಯಿಗೆ ಬೇಕಾದ ಗಾಳಿಗೆ ದುಡ್ಡು ಕೊಡಬೇಕಾಗಿಲ್ಲ, ಗೋಧಿಗೆ ಆತುರ ಇಲ್ಲ. ಅದೇ ಅವನ ಲೆಕ್ಕ. 1947ರಲ್ಲಿ ತೀರಿಕೊಂಡ. ಅವನ ಪೊಮ್ಮೆರ್ನ್ ಹಡಗು ಇನ್ನೂ ಇದೆಯಾ ಅಕ್ಕಾ?

ತುಮರಿಯವಳು:

ಇದೆ ತಮ್ಮಾ. ಪಶ್ಚಿಮ ಬಂದರಿನಲ್ಲಿ, ಸಮುದ್ರ ಸಂಗ್ರಹಾಲಯದ ಪಕ್ಕವೇ ನಿಂತಿದೆ. 1903ರಲ್ಲಿ ಗ್ಲಾಸ್ಗೋದಲ್ಲಿ ಕಟ್ಟಿದ್ದು, ನಾಲ್ಕು ಕೂವೆಮರ, ಅಂದರೆ ಹಾಯಿ ಕಟ್ಟುವ ಕಂಬ. 1953ರಲ್ಲಿ ಎರಿಕ್ಸನ್ ಮನೆಯವರು ಪಟ್ಟಣಕ್ಕೇ ಕೊಟ್ಟುಬಿಟ್ಟರು. ಒಳಗೆ ಇಳಿದು ನಿಂತರೆ ಗೋಧಿ ಮೂಟೆ ತುಂಬುತ್ತಿದ್ದ ಹೊಟ್ಟೆಯ ಅಗಲ ಕಂಡು ಮೈ ಜುಮ್ಮೆನ್ನುತ್ತದೆ.

ಈಗ ದುಡ್ಡಿನ ವಿಷಯಕ್ಕೆ ಬರುತ್ತೇನೆ. ಹಾಯಿ ಹಡಗು ನಡೆಸುತ್ತಿದ್ದ ಈ ಊರಿನವರೇ ಮುಂದೆ ಪ್ರಯಾಣಿಕರ ಹಡಗಿಗೆ ಬಂದರು. 1959ರಲ್ಲಿ ಶುರುವಾದ ವೈಕಿಂಗ್ ಲೈನ್‌ನ ಮುಖ್ಯ ಕಚೇರಿ ಇವತ್ತಿಗೂ ಇಲ್ಲೇ ಇದೆ. 1995ರಲ್ಲಿ ಫಿನ್ಲೆಂಡ್ ಯುರೋಪಿಯನ್ ಒಕ್ಕೂಟ ಸೇರುವ ಮುಂಚೆ ಓಲಂಡ್ ಜನ ಬೇರೆಯಾಗಿ ಮತ ಹಾಕಿದರು. ಸೇರುತ್ತೇವೆ, ಆದರೆ ಒಕ್ಕೂಟದ ಮಾರಾಟ ತೆರಿಗೆ ವಲಯದ ಹೊರಗೆ ಇರುತ್ತೇವೆ ಎಂದು ಕರಾರು ಮಾಡಿಕೊಂಡರು. 1999ರ ಜುಲೈನಲ್ಲಿ ಒಕ್ಕೂಟದ ದೇಶಗಳ ನಡುವೆ ತೆರಿಗೆ ಇಲ್ಲದ ಮಾರಾಟ ನಿಂತಿತು. ಆದರೆ ದಾರಿಯಲ್ಲಿ ಓಲಂಡ್ ಮುಟ್ಟಿ ಹೋಗುವ ಹಡಗಿಗೆ ಈ ನಿಷೇಧ ಇಲ್ಲ. ಅದಕ್ಕೇ ಆ ನಾಲ್ಕು ಗಂಟೆಯ ಹಡಗು. ಅದು ನಮ್ಮನ್ನು ಹತ್ತಿಸಿಕೊಳ್ಳಲು ಬರುವುದಲ್ಲ. ತನ್ನ ಅಂಗಡಿಯಲ್ಲಿ ಮದ್ಯ, ಚಾಕಲೇಟು, ಸೆಂಟು ಅಗ್ಗಕ್ಕೆ ಮಾರಲು ಬರುತ್ತದೆ.

ಇದು ಕೇಳಲು ಸಣ್ಣತನ ಅನ್ನಿಸಬಹುದು. ಆದರೆ ಫಲ ನೋಡಿ. 30,000 ಜನ ಇರುವ ಜಾಗಕ್ಕೆ ದಿನಕ್ಕೆ ಇಷ್ಟು ಹಡಗು ಬೇರೆ ಯಾವ ಕಾರಣಕ್ಕೂ ಬರುತ್ತಿರಲಿಲ್ಲ. ಅದೇ ಹಡಗಿನಲ್ಲಿ ನಮ್ಮ ಹಾಲಿನ ಲಾರಿ, ಔಷಧಿ, ಓದಲು ಹೋದ ಮಕ್ಕಳು, ಎಲ್ಲ ಓಡಾಡುತ್ತಾರೆ. ಹೆಚ್ಚುಕಮ್ಮಿ ಪ್ರತಿ ಬೀದಿಯಲ್ಲೂ ಹಡಗಿನಲ್ಲಿ ದುಡಿಯುವವರು ಒಬ್ಬರಾದರೂ ಸಿಗುತ್ತಾರೆ. ಎಷ್ಟು ದಿನ ಹಡಗಿನಲ್ಲೋ ಅಷ್ಟೇ ದಿನ ಮನೆಯಲ್ಲಿ. ಅಪ್ಪ ಮನೆಯಲ್ಲಿರುವ ವಾರ ಶಾಲೆ ಗೇಟಿನ ಹತ್ತಿರ ಅಪ್ಪಂದಿರೇ ಜಾಸ್ತಿ.

ಇದರಿಂದ ಕಷ್ಟವೂ ಇದೆ. ತೆರಿಗೆ ಗಡಿ ನಮ್ಮ ಸುತ್ತಲೂ ಇದೆ. ಒಳನಾಡಿನ ಫಿನ್ಲೆಂಡಿನಿಂದ ಬರುವ ಪಾರ್ಸೆಲ್‌ಗೂ ಪರದೇಶದ ಸಾಮಾನಿನ ಹಾಗೆ ಕಾಗದಪತ್ರ. ಮಗಳ ಚಳಿಗಾಲದ ಬೂಟು ತರಿಸಲು ಹೋದರೆ ಒಂದು ಅಂಗಡಿಯವರು "ಆ ದ್ವೀಪಕ್ಕೆ ಕಳಿಸುವುದಿಲ್ಲ" ಅಂದರು. ಇನ್ನೊಬ್ಬರು ಕಳಿಸಿದರು. ಮೂರು ವಾರ ಎಲ್ಲೋ ಸಿಕ್ಕಿಹಾಕಿಕೊಂಡು ಹಿಮ ಬಿದ್ದ ಮೇಲೆ ಬಂತು. ಇಲ್ಲಿಯ ಸಣ್ಣ ಅಂಗಡಿಯವರಂತೂ ಇದರಿಂದ ಬೇಸತ್ತಿದ್ದಾರೆ.

ಪ್ರಶ್ನೆಗಾರ:

ನೇರವಾಗಿ ಕೇಳುತ್ತೇನೆ, ಬೇಜಾರು ಮಾಡಬೇಡಿ. 30 ಸಾವಿರ ಜನಕ್ಕೆ ಬೇರೆ ಸಂಸತ್ತು, ಬೇರೆ ಬಾವುಟ, ಬೇರೆ ಅಂಚೆ ಚೀಟಿ. ನಮ್ಮಲ್ಲಿ ಒಂದು ಪುರಸಭೆಗೆ ಇದಕ್ಕಿಂತ ಜಾಸ್ತಿ ಜನ ಇರುತ್ತಾರೆ. ಇದು ದುಂದು ಅಲ್ವಾ? ಹೊರಗಿನವರಿಗೆ ಜಾಗ ಕೊಳ್ಳಲು ಬಿಡುವುದಿಲ್ಲವಂತೆ. ಇದು ಸರಿಯೇ?

ತುಮರಿಯವಳು:

ಬೇಜಾರೇನಿಲ್ಲ. ನನಗೂ ಮೊದಲು ಹಾಗೇ ಅನ್ನಿಸಿತ್ತು.

1809ರ ತನಕ ಇದು ಸ್ವೀಡನ್ನಿನದು. ಯುದ್ಧದಲ್ಲಿ ಸೋತು ಫಿನ್ಲೆಂಡ್ ಜೊತೆ ಇದನ್ನೂ ರಷ್ಯಾಕ್ಕೆ ಬಿಟ್ಟುಕೊಟ್ಟರು. ರಷ್ಯಾದವರು ಬೊಮಾರ್ಸುಂಡ್‌ನಲ್ಲಿ ದೊಡ್ಡ ಕೋಟೆ ಕಟ್ಟಲು ಹೊರಟರು. 1854ರಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಹಡಗುಗಳು ಬಂದು ಅದನ್ನು ಪುಡಿ ಮಾಡಿದವು. ಎದುರಿನ ಪ್ರೆಸ್ಟೋ ದ್ವೀಪದಲ್ಲಿ ಆಗಿನ ಸ್ಮಶಾನಗಳಿವೆ. ಕ್ರೈಸ್ತರಲ್ಲೇ ಬೇರೆ ಬೇರೆ ಪಂಥದವು, ಯೆಹೂದಿಗಳದು, ಮುಸ್ಲಿಮರದು. ಸಾಮ್ರಾಜ್ಯದ ಮೂಲೆಮೂಲೆಯಿಂದ ಬಂದ ಸೈನಿಕರು ಪೈನ್ ಮರದ ಕೆಳಗೆ ಮಲಗಿದ್ದಾರೆ. 1856ರ ಪ್ಯಾರಿಸ್ ಒಪ್ಪಂದದಲ್ಲಿ ಈ ದ್ವೀಪಗಳಲ್ಲಿ ಕೋಟೆ ಕಟ್ಟಬಾರದು, ಸೈನ್ಯ ಇಡಬಾರದು ಎಂದಾಯಿತು.

1917ರಲ್ಲಿ ರಷ್ಯಾ ಕುಸಿಯುವಾಗ ಇಲ್ಲಿಯವರು "ನಾವು ಸ್ವೀಡನ್‌ಗೆ ವಾಪಸ್ ಹೋಗುತ್ತೇವೆ" ಎಂದರು. 7,000ಕ್ಕಿಂತ ಜಾಸ್ತಿ ವಯಸ್ಕರು ಸಹಿ ಹಾಕಿದರು. ಆಗ ಇಲ್ಲಿದ್ದ ವಯಸ್ಕರಲ್ಲಿ ಅದು ಹೆಚ್ಚುಕಮ್ಮಿ ಎಲ್ಲರೂ. ಹೊಸದಾಗಿ ಸ್ವತಂತ್ರವಾದ ಫಿನ್ಲೆಂಡ್ ಒಪ್ಪಲಿಲ್ಲ. ಮುಂದಾಳುಗಳಾದ ಯೂಲಿಯುಸ್ ಸುಂಡ್‌ಬ್ಲೋಮ್ ಮತ್ತು ಕಾರ್ಲ್ ಬ್ಯೋರ್ಕ್‌ಮನ್ ಇಬ್ಬರನ್ನೂ 1920ರಲ್ಲಿ ದೇಶದ್ರೋಹದ ಮೇಲೆ ಬಂಧಿಸಿದರು. ಜಗಳ, ವಿಶ್ವಸಂಸ್ಥೆಗೂ ಮೊದಲಿದ್ದ ರಾಷ್ಟ್ರಗಳ ಒಕ್ಕೂಟಕ್ಕೆ (ಲೀಗ್ ಆಫ್ ನೇಷನ್ಸ್) ಹೋಯಿತು. ಜಪಾನಿನ ನಿತೋಬೆ ಇನಾಜೋ ಆಗ ಅಲ್ಲಿ ಉಪ ಕಾರ್ಯದರ್ಶಿ, ತೀರ್ಮಾನದಲ್ಲಿ ಅವರ ಪಾತ್ರವನ್ನು ಇಲ್ಲಿ ಇಂದಿಗೂ ನೆನೆಯುತ್ತಾರೆ. 1921ರ ಜೂನ್‌ನಲ್ಲಿ ತೀರ್ಪು ಬಂತು: ನೆಲ ಫಿನ್ಲೆಂಡಿನದು. ಆದರೆ ಭಾಷೆ, ಭೂಮಿ, ಸ್ಥಳೀಯ ಆಡಳಿತ ಓಲಂಡ್ ಜನರದು. ಸೈನ್ಯ ಯಾರದೂ ಬರಕೂಡದು. ಒಂದು ವರ್ಷದ ಮೇಲೆ, 1922ರ ಜೂನ್ 9ಕ್ಕೆ ಓಲಂಡ್ ಜನರದೇ ಶಾಸನಸಭೆ ಮೊದಲ ಸಲ ಸೇರಿತು. ದೇಶದ್ರೋಹಿ ಎನಿಸಿಕೊಂಡಿದ್ದ ಸುಂಡ್‌ಬ್ಲೋಮ್ ಅದರ ಮೊದಲ ಸಭಾಧ್ಯಕ್ಷ, ಬ್ಯೋರ್ಕ್‌ಮನ್ ಮೊದಲ ಸರ್ಕಾರದ ಮುಖ್ಯಸ್ಥ. ಒಂದು ಗುಂಡೂ ಹಾರಲಿಲ್ಲ. ಪ್ರತಿ ವರ್ಷ ಜೂನ್ 9ರಂದು ಮಗಳ ಶಾಲೆಯಲ್ಲಿ ಈ ಕಥೆ ಹೇಳುತ್ತಾರೆ. ಪ್ರತಿ ಸಲವೂ ನನ್ನ ಕಣ್ಣು ತುಂಬುತ್ತದೆ.

ಇನ್ನು ಜಾಗದ ವಿಷಯ. ಇಲ್ಲಿ "ಹೆಮ್‌ಬಿಗ್ಡ್ಸ್‌ರೆಟ್" ಅನ್ನುತ್ತಾರೆ. ಮನೆ, ಊರು, ಹಕ್ಕು ಎಂಬ ಮೂರು ಮಾತು ಸೇರಿದ ಪದ. ನಾನು ಊರಹಕ್ಕು ಅನ್ನುತ್ತೇನೆ. ಫಿನ್ಲೆಂಡಿನ ಪೌರತ್ವ, ಐದು ವರ್ಷ ವಾಸ, ಸ್ವೀಡಿಷ್ ಮಾತು, ಇವು ಇದ್ದರೆ ಅರ್ಜಿ ಹಾಕಬಹುದು. ಅದಿದ್ದರೆ ಜಮೀನು ಕೊಳ್ಳಬಹುದು, 30 ಸದಸ್ಯರ ಸಭೆಗೆ ಮತ ಹಾಕಬಹುದು. ಇಲ್ಲದವರು ಜಮೀನು ಕೊಳ್ಳಲು ಇಲ್ಲಿಯ ಸರ್ಕಾರದ ಅನುಮತಿ ಕೇಳಬೇಕು. ಅಪಾರ್ಟ್‌ಮೆಂಟ್‌ಗೆ ಈ ತಡೆ ಇಲ್ಲ. ಹೆಲ್ಸಿಂಕಿಯಲ್ಲಿ ಹುಟ್ಟಿದ ಫಿನ್ಲೆಂಡಿನವರಿಗೂ ಇದೇ ನಿಯಮ. ಇಲ್ಲೇ ಹುಟ್ಟಿದವರೂ ಐದು ವರ್ಷ ಹೊರಗೆ ನೆಲೆಸಿದರೆ ಹಕ್ಕು ಹೋಗುತ್ತದೆ. ನಮಗೂ ಇನ್ನೂ ಸಿಕ್ಕಿಲ್ಲ.

ಕೊಡಗಿನ ಕಾಫಿ:

ಇದನ್ನು ಓದಿ ಸುಮ್ಮನೆ ಇರಲಾಗಲಿಲ್ಲ. ನಮ್ಮಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಮುಗಳನ್ನು 2020ರಲ್ಲಿ ತೆಗೆದರು. ಕೃಷಿಕರಲ್ಲದವರೂ ಹೊಲ ಕೊಳ್ಳುವಂತಾಯಿತು. ನಮ್ಮ ಊರಿನ ಸುತ್ತ ಗದ್ದೆ ಹೋಗಿ ರೆಸಾರ್ಟ್ ಬಂದದ್ದನ್ನು ಕಣ್ಣಾರೆ ಕಂಡಿದ್ದೇನೆ. ಕಡಲ ಕಿನಾರೆ, ಬೇಸಿಗೆ, ಶ್ರೀಮಂತ ನೆರೆಹೊರೆ, ಇಷ್ಟಿದ್ದೂ ಓಲಂಡ್ ಕಿನಾರೆ ಹಳ್ಳಿಗರ ಕೈಯಲ್ಲೇ ಉಳಿದಿದೆ ಅಂದರೆ ಆ ಊರಹಕ್ಕಿನಿಂದಲೇ ಅಲ್ವಾ?

ತುಮರಿಯವಳು:

ದೊಡ್ಡ ಕಾರಣ ಅದೇ. ಭಾಷೆಯೂ ಉಳಿದದ್ದು ಹಾಗೆಯೇ. ಹತ್ತರಲ್ಲಿ ಎಂಟಕ್ಕಿಂತ ಜಾಸ್ತಿ ಮಂದಿಗೆ ಇವತ್ತೂ ಸ್ವೀಡಿಷ್ ಮನೆಮಾತು. ಸರ್ಕಾರದ ದುಡ್ಡಿನ ಶಾಲೆಯಲ್ಲಿ ಪಾಠ ಸ್ವೀಡಿಷ್‌ನಲ್ಲಿ. ಆದರೂ ಒಳನಾಡಿನ ಫಿನ್ಲೆಂಡಿನ ಒಂದು ಕಚೇರಿಯಿಂದ ನಮ್ಮ ಕಟ್ಟಡದವರಿಗೆಲ್ಲ ಬರೀ ಫಿನ್ನಿಷ್‌ನಲ್ಲಿ ಕಾಗದ ಬಂದಿತ್ತು. ಮೇಲಿನ ಮನೆಯ ನಿವೃತ್ತ ಕ್ಯಾಪ್ಟನ್ ಕೂತು, ಇದು ಕಾನೂನಿಗೆ ವಿರುದ್ಧ ಎಂದು ಎರಡು ಪುಟ ಉತ್ತರ ಬರೆದರು. ಸ್ವೀಡಿಷ್‌ನಲ್ಲಿ ಮತ್ತೊಮ್ಮೆ ಕಾಗದ ಬರುವ ತನಕ ಬಿಡಲಿಲ್ಲ.

ಆದರೆ ಬಾಗಿಲು ಮುಚ್ಚಿಕೊಂಡ ಊರು ಅಂದುಕೊಳ್ಳಬೇಡಿ. ಲಾಟ್ವಿಯಾ, ರೊಮೇನಿಯಾದಿಂದ ಬಂದವರು ತೋಟದಲ್ಲಿ, ಮೀನು ಸಾಕಣೆಯಲ್ಲಿ, ಆಸ್ಪತ್ರೆಯಲ್ಲಿ ದುಡಿಯುತ್ತಾರೆ. ಅವರ ಮಕ್ಕಳು ಎರಡೇ ವರ್ಷಕ್ಕೆ ಓಲಂಡ್ ಧಾಟಿಯಲ್ಲಿ ಸ್ವೀಡಿಷ್ ಮಾತಾಡುತ್ತಾರೆ. ಬಂದವರು ಇಲ್ಲದಿದ್ದರೆ ಜನಸಂಖ್ಯೆ ಇಳಿದೇ ಹೋಗುತ್ತಿತ್ತು.

ತೀರ್ಥಹಳ್ಳಿ ನರ್ಸ್:

ಅಲ್ಲಿ ರಕ್ತ ಹೀರುವ ಉಣ್ಣೆ ಹುಳದ ಕಾಟ ಇದೆಯಂತೆ, ಹೌದಾ? ನಮ್ಮ ಮಂಗನ ಕಾಯಿಲೆಯ ಸಂಬಂಧಿ ವೈರಸ್ ಒಂದು ಬಾಲ್ಟಿಕ್ ಕಡೆ ಇದೆ ಎಂದು ತರಬೇತಿಯಲ್ಲಿ ಹೇಳಿದ್ದರು.

ತುಮರಿಯವಳು:

ಹೌದಮ್ಮಾ. ಇದನ್ನು ಕೇಳಿ ನಾನೂ ಬೆಚ್ಚಿದ್ದೆ. ನಮ್ಮದು 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗೊತ್ತಾಯಿತು. ಇಲ್ಲಿಯದಕ್ಕೆ ಕುಮ್ಲಿಂಗೆ ದ್ವೀಪದ ಹೆಸರಿಟ್ಟು ಕುಮ್ಲಿಂಗೆ ಕಾಯಿಲೆ ಎನ್ನುತ್ತಿದ್ದರು. ಮಿದುಳಿಗೆ ಬಾವು ಬರುತ್ತದೆ. ಎರಡೂ ವೈರಸ್ ಒಂದೇ ಬಳಗದವು, ಎರಡನ್ನೂ ಹರಡುವುದು ಉಣ್ಣೆ. ಇಲ್ಲಿ ಒಳ್ಳೆಯ ಲಸಿಕೆ ಇದೆ, ಇಲ್ಲಿ ವಾಸ ಇರುವವರಿಗೆ ಸರ್ಕಾರವೇ ಪುಕ್ಕಟೆ ಹಾಕಿಸುತ್ತದೆ. ಸಂಜೆ ಆಟ ಮುಗಿಸಿ ಬಂದ ಮಕ್ಕಳ ಕಂಕುಳು, ಕಿವಿ ಹಿಂದೆ, ಮಂಡಿ ಸಂದಿ ಎಲ್ಲ ತಡಕಿ ನೋಡುವುದು ಇಲ್ಲಿಯ ತಾಯಂದಿರ ದಿನದ ಕೆಲಸ. ನಮ್ಮಮ್ಮ ಸೊಪ್ಪಿಗೆ ಹೋಗಿ ಬಂದ ನಮ್ಮನ್ನು ಹೀಗೇ ನೋಡುತ್ತಿದ್ದಳು. ಮಲೆನಾಡಿನಲ್ಲೂ ಒಳ್ಳೆಯ ಲಸಿಕೆ ಬೇಗ ಬರಲಿ ಎಂದು ಆಗೆಲ್ಲ ಮನಸ್ಸು ಬೇಡುತ್ತದೆ. ಹಳೆಯದನ್ನು ನಿಲ್ಲಿಸಿದ ಮೇಲೆ ಊರಿನವರು ಕಾಯುತ್ತಲೇ ಇದ್ದಾರೆ.

ಪ್ರಶ್ನೆಗಾರ:

ಇತಿಹಾಸ ಗೊತ್ತಿರಲಿಲ್ಲ, ಒಪ್ಪಿದೆ. ಆದರೆ ಫಿನ್ಲೆಂಡ್ 2023ರಲ್ಲಿ ನೇಟೋ ಸೇರಿತಲ್ಲ. ಸೈನ್ಯ ಇಲ್ಲದ ದ್ವೀಪಕ್ಕೆ ಈಗ ಭಯ ಇಲ್ಲವೇ?

ತುಮರಿಯವಳು:

ಇದೆ. ಊರಿನ ಕಾಫಿ ಅಂಗಡಿಯಲ್ಲಿ ಇದೇ ಮಾತು. ನಿಯಮ ಹಾಗೇ ಉಳಿದಿದೆ, ಇಲ್ಲಿಯ ಹುಡುಗರಿಗೆ ಕಡ್ಡಾಯ ಸೈನಿಕ ತರಬೇತಿಯೂ ಇಲ್ಲ. 1940ರ ಒಪ್ಪಂದದ ಪ್ರಕಾರ ಮರಿಯೆಹಾಮ್ನ್‌ನಲ್ಲಿ ರಷ್ಯಾದ ಕಾನ್ಸುಲೇಟ್ ಇದೆ. ಉಕ್ರೇನ್ ಯುದ್ಧ ಶುರುವಾದ ಮೇಲೆ ಜನ ಅದರ ಮುಂದೆ ಸೇರಿ ಪ್ರತಿಭಟಿಸಿದ್ದಾರೆ. ಫಿನ್ಲೆಂಡಿನ ಕೆಲವರು ಸೈನ್ಯ ಇಡಬೇಕು ಎನ್ನುತ್ತಾರೆ. ಇಲ್ಲಿಯ ಹೆಚ್ಚಿನವರು ಬೇಡ ಎನ್ನುತ್ತಾರೆ. ನಾನು ಇಲ್ಲಿಯವರ ಕಡೆ. ಕೋಟೆ ಕಟ್ಟಿದಾಗ ಏನಾಯಿತು ಎಂದು ಬೊಮಾರ್ಸುಂಡ್ ಕಲ್ಲುಗಳನ್ನು ನೋಡಿದರೆ ಸಾಕು.

ಹಡಗಿನವ:

ಹೊರಗಿನ ಸಣ್ಣ ದ್ವೀಪಗಳ ಜನರ ಬದುಕು ಹೇಗೆ ಅಕ್ಕಾ?

ತುಮರಿಯವಳು:

ನನಗೆ ಎಲ್ಲಕ್ಕಿಂತ ಸಂಕಟ ಅದೇ. ಸೊಟ್ಟುಂಗ ಎಂಬಲ್ಲಿ ಸುಮಾರು 100 ಜನ ಇದ್ದಾರೆ. ಇಡೀ ಫಿನ್ಲೆಂಡಿಗೇ ಅದು ಅತಿ ಸಣ್ಣ ಪಂಚಾಯತಿ. ಓಲಂಡ್‌ನ 16 ಪಂಚಾಯತಿಗಳನ್ನು ಸೇರಿಸಿ ಕಡಿಮೆ ಮಾಡಬೇಕು ಎಂಬ ಮಾತು ಆಗಾಗ ಏಳುತ್ತದೆ, ಮತ್ತೆ ಕೂರುತ್ತದೆ. ದ್ವೀಪಗಳ ನಡುವೆ ಸರ್ಕಾರದ ದೋಣಿಗಳಿವೆ. ವೋರ್ಡೋ ಕಡೆ ಹೋದರೆ ಉಕ್ಕಿನ ಹಗ್ಗ ಹಿಡಿದು ದಡದಿಂದ ದಡಕ್ಕೆ ಸರಿಯುವ ಸಣ್ಣ ದೋಣಿ ಇದೆ. ನಮ್ಮ ಲಾಂಚಿನ ಹಾಗೇ, ಕಾರು ಮುಂದೆ, ಜನ ಪಕ್ಕದಲ್ಲಿ. ಮೊದಲ ಸಲ ಹತ್ತಿದಾಗ ಇಂಜಿನ್ ವಾಸನೆಗೆ ಊರೇ ಎದುರು ಬಂದಂತಾಯಿತು. ಫೋಗ್ಲೋ ದ್ವೀಪಕ್ಕೆ ಸುರಂಗ ಮಾಡಬೇಕೋ ಬೇಡವೋ ಎಂದು ವರ್ಷಗಟ್ಟಲೆ ಚರ್ಚೆ ನಡೆದಿದೆ. ದೋಣಿ ಒಂದು ಟ್ರಿಪ್ ಕಡಿಮೆಯಾದರೆ ಒಂದು ಮನೆ ಖಾಲಿಯಾಗುತ್ತದೆ ಎಂದು ಹೊರ ದ್ವೀಪದವರು ಹೇಳುತ್ತಾರೆ. ತುಮರಿಯಲ್ಲಿ ಇದೇ ಮಾತು ಕೇಳಿ ಬೆಳೆದವಳು ನಾನು. ಓದಲು ಹೋದ ಮಕ್ಕಳಲ್ಲಿ ಹೆಚ್ಚಿನವರು ಸ್ವೀಡನ್‌ಗೆ ಹೋಗುತ್ತಾರೆ, ಎಷ್ಟೋ ಮಂದಿ ಅಲ್ಲೇ ಉಳಿಯುತ್ತಾರೆ.

ಉಳಿದವರ ಕೂಡುಬಾಳು ಮಾತ್ರ ಗಟ್ಟಿ. "ತಾಲ್ಕೋ" ಎಂಬ ಪದ ಇದೆ, ನಮ್ಮ ಮುಯ್ಯಾಳು ಇದ್ದ ಹಾಗೆ. ದೋಣಿಕಟ್ಟೆ ರಿಪೇರಿ, ಯುವಕ ಸಂಘದ ಮನೆಗೆ ಬಣ್ಣ, ಎಲ್ಲದಕ್ಕೂ ತಾಲ್ಕೋ. ಎಲ್ಲಕ್ಕಿಂತ ದೊಡ್ಡದು ಜೂನ್ ಕೊನೆಯ ಮಧ್ಯಬೇಸಿಗೆ ಹಬ್ಬ. ಪ್ರತಿ ಹಳ್ಳಿಯಲ್ಲೂ ಹಡಗಿನ ಕೂವೆಮರದಂಥ ಎತ್ತರದ ಕಂಬ. ಹೆಂಗಸರು ಮಕ್ಕಳು ಹಿಂದಿನ ದಿನ ಕೂತು ಎಲೆಯ ಹಾರ ಕಟ್ಟುತ್ತಾರೆ. ಕಂಬಕ್ಕೆ ಸಣ್ಣ ಸಣ್ಣ ಮರದ ಹಡಗು, ತುದಿಗೆ ಗಾಳಿಗೆ ಕೈ ಬೀಸುವ ಮರದ ಮನುಷ್ಯ. ಊರಿನವರೆಲ್ಲ ಹಗ್ಗ ಹಿಡಿದು, ಕವೆಗೋಲು ಕೊಟ್ಟು ಎತ್ತುತ್ತಾರೆ. ಒಬ್ಬ ಹಿರಿಯ ಕೂಗುತ್ತಾನೆ, ಎಲ್ಲರೂ ಒಂದೇ ಉಸಿರಿಗೆ ಎಳೆಯುತ್ತಾರೆ. ತೇರು ಕದಲುವ ಗಳಿಗೆ ನೋಡಿದವರಿಗೆ ಆ ಸದ್ದು ಗೊತ್ತಾಗುತ್ತದೆ. ಕಂಬ ಮುಂದಿನ ಜೂನ್ ತನಕ ಹಾಗೇ ನಿಂತಿರುತ್ತದೆ. ಜನವರಿಯ ಹಿಮದಲ್ಲೂ ಆ ಮರದ ಮನುಷ್ಯ ಕೈ ಬೀಸುತ್ತಲೇ ಇರುತ್ತಾನೆ.

ಇನ್ನೊಂದು ಆಚರಣೆ ಅಂಚೆ ದೋಣಿಯದು. 1638ರಿಂದ ಸ್ವೀಡನ್ ಮತ್ತು ಫಿನ್ಲೆಂಡ್ ನಡುವಿನ ಅಂಚೆಯನ್ನು ಇಲ್ಲಿಯ ರೈತರೇ ದೋಣಿಗೆ ಹುಟ್ಟು ಹಾಕಿ ಸಾಗಿಸಬೇಕಿತ್ತು. ಚಳಿಗಾಲದಲ್ಲಿ ಮಂಜುಗಡ್ಡೆಯ ಮೇಲೆ ದೋಣಿ ಎಳೆಯುತ್ತಿದ್ದರು. ಎಷ್ಟೋ ಮಂದಿ ಮುಳುಗಿದರು. ಅವರ ನೆನಪಿಗೆ 1974ರಿಂದ ಪ್ರತಿ ಬೇಸಿಗೆ ಹಳೇ ಕಾಲದ ಬಟ್ಟೆ ತೊಟ್ಟು, ಹಳೇ ಮಾದರಿಯ ದೋಣಿಗಳಲ್ಲಿ ಓಲಂಡ್‌ನ ಎಕ್ಕೆರೋ ಮತ್ತು ಸ್ವೀಡನ್ನಿನ ಗ್ರಿಸ್ಲೆಹಾಮ್ನ್ ನಡುವಿನ ಅದೇ ಕಡಲು ದಾಟುತ್ತಾರೆ.

ಕೊಡಗಿನ ಕಾಫಿ:

ಊಟದ ವಿಷಯ ಬರೆಯಲೇ ಇಲ್ಲ!

ತುಮರಿಯವಳು:

ಸೇಬು, ಆಲೂಗಡ್ಡೆ, ಈರುಳ್ಳಿ ಚೆನ್ನಾಗಿ ಬೆಳೆಯುತ್ತವೆ. ಫಿನ್ಲೆಂಡಿನ ಸೇಬಿನಲ್ಲಿ ಅರ್ಧಕ್ಕಿಂತ ಜಾಸ್ತಿ ಇಲ್ಲಿಯದೇ. ಆಲೂಗಡ್ಡೆ ಚಿಪ್ಸ್ ಕಾರ್ಖಾನೆಯೂ ಇದೆ. ಆದರೆ ನಾನು ಹೇಳಬೇಕಾದದ್ದು ಓಲಂಡ್ ಪನ್‌ಕಾಕ. ರವೆಯನ್ನು ಹಾಲಿನಲ್ಲಿ ಬೇಯಿಸಿ, ಆರಿದ ಮೇಲೆ ಮೊಟ್ಟೆ, ಸಕ್ಕರೆ, ಸ್ವಲ್ಪ ಹಿಟ್ಟು, ಕೈತುಂಬ ಏಲಕ್ಕಿ ಪುಡಿ ಹಾಕಿ ಒಲೆಯೊಳಗೆ ಇಟ್ಟು ಬೇಯಿಸುತ್ತಾರೆ. ಕೆಲವರು ರವೆ ಬದಲು ಅನ್ನದ ಗಂಜಿ ಹಾಕುತ್ತಾರೆ. ಮೇಲೆ ಒಣ ಪ್ಲಮ್ ಹಣ್ಣಿನ ಗೊಜ್ಜು, ನೊರೆ ಬರಿಸಿದ ಕೆನೆ. ಅಜ್ಜಿ ಮೊದಲ ಸಲ ತಟ್ಟೆ ಮುಂದಿಟ್ಟಾಗ, ಬಾಯಿಗಿಡುವ ಮೊದಲೇ ವಾಸನೆಗೆ ಅಮ್ಮನ ಅಡುಗೆಮನೆ ನೆನಪಾಯಿತು. ಏಲಕ್ಕಿಯ ತವರು ನಮ್ಮ ಪಶ್ಚಿಮ ಘಟ್ಟ ಎಂದೆ. ಅಜ್ಜಿ ನಂಬಲಿಲ್ಲ. ಇದು ಓಲಂಡಿನ ವಾಸನೆ ಅಂದರು. ಆಮೇಲೆ ಫೋನಿನಲ್ಲಿ ಏಲಕ್ಕಿ ತೋಟದ ಚಿತ್ರ ತೋರಿಸಿದೆ. ಬುಡದಲ್ಲಿ ಕಾಯಿ ಬಿಡುವುದನ್ನು ಬಹಳ ಹೊತ್ತು ನೋಡುತ್ತಾ ಕೂತರು.

ಸ್ಟಾಕ್‌ಹೋಮ್ ಕನ್ನಡಿಗ:

ಅಕ್ಕಾ, ಇಷ್ಟು ಹತ್ತಿರ ಇದ್ದೂ ಒಮ್ಮೆಯೂ ಬಂದಿಲ್ಲ. ಮುಂದಿನ ತಿಂಗಳು ಊರಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಕರೆದುಕೊಂಡು ಬರಬಹುದಾ? ಯಾವ ಹಡಗು ಒಳ್ಳೆಯದು?

ತುಮರಿಯವಳು:

ಖಂಡಿತ ಬನ್ನಿ. ಗ್ರಿಸ್ಲೆಹಾಮ್ನ್‌ನಿಂದ ಎಕ್ಕೆರೋಗೆ ಬರೀ ಎರಡು ಗಂಟೆ, ಹಿರಿಯರಿಗೆ ಅದೇ ಸಲೀಸು. ಇಳಿದ ಮೇಲೆ ಎಕ್ಕೆರೋದ ಹಳೇ ಅಂಚೆ ಮನೆ ನೋಡಿಸಿ. 1828ರಲ್ಲಿ ಕಟ್ಟಿದ್ದು, ಆ ಸಣ್ಣ ಹಳ್ಳಿಗೆ ಅರಮನೆಯಷ್ಟು ದೊಡ್ಡದು. ರಷ್ಯಾ ಸಾಮ್ರಾಜ್ಯದ ಬಾಗಿಲು ಎಂದು ತೋರಿಸಲು ಹಾಗೆ ಕಟ್ಟಿಸಿದ್ದರಂತೆ. ವಾಪಸ್ ಹಡಗಿನ ಟೈಮು ಮೊದಲೇ ಬರೆದಿಟ್ಟುಕೊಳ್ಳಿ, ಯಾರಿಗೂ ಕಾಯುವುದಿಲ್ಲ. ಅಪ್ಪ ಅಮ್ಮ ಊರು ಬಿಡುವ ಮುಂಚೆ ಹೇಳಿ, ಕಾಲು ಕೆಜಿ ಏಲಕ್ಕಿ ಬೇಕಿತ್ತು. ಅಜ್ಜಿಗೆ ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದೇನೆ.